ಬುಟ್ಟಿಯಲ್ಲಿ ಇಳಿದ ಪಿಜ್ಜಾ

"ಪಿಜ್ಜಾ ಮಾಡೋದೇನು ಬ್ರಹ್ಮವಿದ್ಯೆಯೇ?" ಎಂದು ನಾನು ಕೇಳಿಬಿಟ್ಟೆ. ಬೇರೆ ಯಾವ ಊರಿನಲ್ಲಿ ಕೇಳಿದ್ದರೂ ನಡೆಯುತ್ತಿತ್ತು. ನಾನು ಕೇಳಿದ್ದು ನೇಪಲ್ಸ್‌ನಲ್ಲಿ, ಊಟದ ಮೇಜಿನಲ್ಲಿ, ಅತ್ತೆಯ ಎದುರಿಗೆ!

ಅತ್ತೆ ಎರ್ಸಿಲಿಯಾ ಬಾಯಿಗೆ ಹೊರಟಿದ್ದ ಪಿಜ್ಜಾ ತುಂಡನ್ನು ತಟ್ಟೆಗೆ ವಾಪಸು ಇಟ್ಟರು. ನನ್ನ ಹೆಂಡತಿ ಮರಿಲೇನಾ ಕಣ್ಣು ಮುಚ್ಚಿಕೊಂಡಳು.

"ಹೌದಾ ದೊತ್ತೋರೆ?" ಎಂದರು ಅತ್ತೆ. "ನಿಮ್ಮ ಬೆಟ್ಟದಲ್ಲಿ ಚೆಸ್ಟ್‌ನಟ್ ಹುರಿಯೋದು ಬಿಟ್ಟು ಬೇರೆ ಏನೂ ಕಲಿಸಲ್ಲ ಅಂದ್ಕೊಂಡಿದ್ದೆ."

ನಮ್ಮಲ್ಲಿ ಕಾಲೇಜು ಮುಗಿಸಿದವರೆಲ್ಲ ದೊತ್ತೋರೆಗಳೇ. ಗೇಟು ಕಾಯುವವನೂ ಹಾಗೆ ಕರೆಯುತ್ತಾನೆ, ಕಾಫಿ ಕೊಡುವವನೂ ಹಾಗೆ ಕರೆಯುತ್ತಾನೆ. ಅತ್ತೆ ಕರೆದಾಗ ಮಾತ್ರ ಅದು ಪದವಿಯಂತಲ್ಲ, ಯಾವುದೋ ರೋಗದ ಹೆಸರಿನಂತೆ ಕೇಳಿಸುತ್ತದೆ.

ನನಗೆ ರೋಷ ಉಕ್ಕಿತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು! ಇರ್ಪೀನಿಯಾದ ಬೆಟ್ಟದಲ್ಲಿ ಗೋಧಿ ಬೆಳೆಯುವ ನಮ್ಮಪ್ಪ, ಇಬ್ಬರು ಗಂಡುಮಕ್ಕಳಲ್ಲಿ ನನ್ನನ್ನೇ ಆರಿಸಿ ಓದಲು ಕಳಿಸಿದರು. ನನ್ನ ತಮ್ಮ ಹೊಲದಲ್ಲೇ ಉಳಿದ. ಕೃಷಿವಿಜ್ಞಾನದಲ್ಲಿ ಪದವಿ ಪಡೆದು, ಹಿಟ್ಟು ಹುದುಗುವ ಬಗೆಯ ಮೇಲೆ ತೊಂಬತ್ತು ಪುಟದ ಪ್ರಬಂಧ ಬರೆದ ಈ ಸಾವೇರಿಯೋ ಒಂದು ಪಾತ್ರೆ ಹಿಟ್ಟನ್ನು ಉಬ್ಬಿಸಲಾರನೇ?

"ಈ ಶನಿವಾರ ಪಿಜ್ಜಾ ನನ್ನದು!" ಎಂದು ಘೋಷಿಸಿದೆ. "ಹಿಟ್ಟು ಕಲಸೋದರಿಂದ ಹಿಡಿದು ಕಾಮಕಸ್ತೂರಿ ಎಲೆ ಉದುರಿಸೋ ತನಕ ಎಲ್ಲಾ ಮನೆಯಲ್ಲೇ. ಮೇಲಿನ ಮನೆಯ ಆರು ಜನಾನೂ ಊಟಕ್ಕೆ ಕರೀತೀನಿ!"

"ಅವರೇನು ಪಾಪ ಮಾಡಿದ್ರು?" ಎಂದಳು ಮರಿಲೇನಾ.

ಬುಧವಾರ ಅತ್ತೆ ಪ್ರೊಚಿದಾ ದ್ವೀಪದಲ್ಲಿರುವ ತಂಗಿಯ ಮನೆಗೆ ಹೊರಟರು. ಹೊರಡುವ ಮುನ್ನ ನನ್ನ ಕೈಗೆ ಒಂದು ಗಾಜಿನ ಭರಣಿ ಇಟ್ಟರು. ಬಟ್ಟೆಯ ಮುಸುಕಿನೊಳಗೆ, ಗುಳ್ಳೆ ಗುಳ್ಳೆಯಾಗಿ ಉಸಿರಾಡುತ್ತಾ ಕುಳಿತಿತ್ತು, ಹಿಟ್ಟು ಉಬ್ಬಿಸುವ ಮನೆಯ ಹೆಪ್ಪುಹಿಟ್ಟು!

ಈ ಹೆಪ್ಪಿನ ಮಹಿಮೆ ನಮ್ಮ ಓಣಿಗೆಲ್ಲ ಗೊತ್ತು. ಅತ್ತೆಯ ಮದುವೆಯಲ್ಲಿ ಅವರ ತಾಯಿ ಎರಡು ಹಾಸಿಗೆ ಚಾದರಗಳ ಜೊತೆ ಕೊಟ್ಟು ಕಳಿಸಿದ್ದು ಇದನ್ನೇ. ಭೂಕಂಪವಾದಾಗ ಅತ್ತೆ ಒಂದು ಕಂಕುಳಲ್ಲಿ ಈ ಭರಣಿ, ಇನ್ನೊಂದು ಕಂಕುಳಲ್ಲಿ ಹಸುಗೂಸು ಮರಿಲೇನಾಳನ್ನು ಇಟ್ಟುಕೊಂಡು ಐದು ಮಹಡಿ ಇಳಿದು ಓಡಿದ್ದರು. ಮೊದಲು ಎತ್ತಿಕೊಂಡಿದ್ದು ಯಾವುದನ್ನು ಎಂಬುದನ್ನು ಮಾತ್ರ ಮಗಳು ಎಷ್ಟು ಕೇಳಿದರೂ ಇವತ್ತಿನವರೆಗೆ ಹೇಳಿಲ್ಲ.

"ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಇವನಿಗೆ ಊಟ ಹಾಕು," ಎಂದರು ಅತ್ತೆ. ಗಂಭೀರವಾದ ವಿಷಯಕ್ಕೆ ಮಾತ್ರ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಾರೆ. "ಗಾಳಿಗೆ ಇಡಬೇಡ. ಇವನ ಮುಂದೆ ಜೋರಾಗಿ ಮಾತಾಡಬೇಡ. ಶನಿವಾರ ಐದು ಗಂಟೆ ಹಡಗಿಗೆ ಬರ್ತೀನಿ. ಬಂದ ಕೂಡಲೇ ಮೊದಲು ಇವನನ್ನೇ ನೋಡ್ತೀನಿ."

ಮೂರು ದಿನ ನಾನು ಆ ಭರಣಿಯನ್ನು ಬಾಣಂತಿಯಂತೆ ನೋಡಿಕೊಂಡೆ. ಹಿಟ್ಟು ತೂಗಿದೆ, ನೀರು ತೂಗಿದೆ, ದಿನಕ್ಕೆ ಮೂರು ಸಲ ಥರ್ಮಾಮೀಟರು ಇಟ್ಟು ಜ್ವರ ನೋಡಿದೆ. ಪಿಜ್ಜಾಕ್ಕೆ ಇಪ್ಪತ್ಮೂರು ಹಂತಗಳ ಒಂದು ಪಟ್ಟಿ ಬರೆದು, ಕೆಂಪು ಗೆರೆ ಎಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

"ಚಂದ್ರನ ಮೇಲೆ ಇಳಿಯೋರೂ ಇಷ್ಟು ಬರೆದುಕೊಂಡಿರಲ್ಲ," ಎಂದಳು ಮರಿಲೇನಾ.

ಶನಿವಾರ ಬೆಳಿಗ್ಗೆ ಏಳಕ್ಕೆ ಮೊದಲನೇ ಹಂತ. ಒಂಬತ್ತು ಜನರಿಗೆ ಬೇಕಾದ ಹೆಪ್ಪು ಲೆಕ್ಕದ ಪ್ರಕಾರ ಮುನ್ನೂರು ಗ್ರಾಂ. ಭರಣಿಯಲ್ಲಿದ್ದದ್ದು ಮುನ್ನೂರ ಎರಡು! ಪ್ರಕೃತಿಗೂ ನನ್ನ ಲೆಕ್ಕಕ್ಕೂ ಇಷ್ಟು ಹತ್ತಿರದ ನಂಟು ಕಂಡು ನನಗೆ ರೋಮಾಂಚನವಾಯಿತು. ಇಷ್ಟಕ್ಕೆಲ್ಲ ಜಿಪುಣತನ ಏಕೆಂದು ಉಳಿದ ಎರಡು ಗ್ರಾಂ ಹೆಪ್ಪನ್ನೂ ಚಮಚದಿಂದ ಕೆರೆದು ಹಾಕಿದೆ. ನಾನು ಶುದ್ಧ ಶಿಸ್ತಿನ ಮನುಷ್ಯ. ಭರಣಿಯನ್ನು ಬಿಸಿನೀರಲ್ಲಿ ಸೋಪು ಹಾಕಿ ತಿಕ್ಕಿ ತೊಳೆದು, ಫಳಫಳ ಹೊಳೆಯುವಂತೆ ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದೆ.

ಹಿಟ್ಟು ಕಲಸಿದ್ದಾಯಿತು, ನಾದಿದ್ದಾಯಿತು. ಆದರೆ ಅದು ಜುಲೈ ತಿಂಗಳು. ಹನ್ನೊಂದು ಗಂಟೆಗೆ ಅಡುಗೆಮನೆ ಕುಲುಮೆಯಾಯಿತು. ಸಂಜೆ ಏಳಕ್ಕೆ ಉಬ್ಬಬೇಕಾದ ಹಿಟ್ಟು ಆಗಲೇ ಪಾತ್ರೆಯ ಅಂಚಿನಿಂದ ಇಣುಕಿ ನನ್ನ ಪಟ್ಟಿಯನ್ನು ಓದತೊಡಗಿತು! ಫ್ರಿಜ್ಜಿನಲ್ಲಿ ಇಡೋಣವೆಂದರೆ ಅಲ್ಲಿ ಕಲ್ಲಂಗಡಿಯೊಂದು ಸಿಂಹಾಸನ ಏರಿ ಕುಳಿತಿತ್ತು.

ಕಲ್ಲಂಗಡಿ ನೋಡಿದ್ದೇ ನನ್ನೊಳಗಿನ ಹಳ್ಳಿಗ ಎಚ್ಚರಗೊಂಡ. ನಮ್ಮೂರಲ್ಲಿ ಕಲ್ಲಂಗಡಿ ತಣ್ಣಗಾಗಬೇಕಾದರೆ ಹಗ್ಗ ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದೆವು. ಇಲ್ಲಿ ಬಾವಿ ಎಲ್ಲಿದೆ? ಬಾಲ್ಕನಿಯಿಂದ ಬಗ್ಗಿ ನೋಡಿದೆ. ಐದು ಮಹಡಿ ಕೆಳಗೆ ನಮ್ಮ ಓಣಿ! ಎರಡು ಕಡೆಯೂ ಎತ್ತರದ ಮನೆಗಳು, ಬಿಸಿಲು ತಳ ಮುಟ್ಟುವುದೇ ಇಲ್ಲ. ನೀರೊಂದು ಇಲ್ಲ ಎನ್ನುವುದು ಬಿಟ್ಟರೆ ಸಾಕ್ಷಾತ್ ಬಾವಿಯೇ!

ತರಕಾರಿ, ಪೇಪರು ಎಳೆದುಕೊಳ್ಳುವ ಬುಟ್ಟಿ ಬಾಲ್ಕನಿಯಲ್ಲೇ ಇತ್ತು. ಹಿಟ್ಟಿನ ಪಾತ್ರೆಯನ್ನು ಅದರಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಅತಿ ತಂಪಾದ ಜಾಗವಾದ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಇಳಿಸಿ ಹಗ್ಗ ಕಟ್ಟಿದೆ. ಹಳ್ಳಿಯ ಅನುಭವ, ನಗರದ ಸೌಲಭ್ಯ, ವಿಶ್ವವಿದ್ಯಾಲಯದ ಜ್ಞಾನ ಮೂರೂ ಒಂದೇ ಹಗ್ಗದ ತುದಿಯಲ್ಲಿ ತೂಗಾಡುತ್ತಿದ್ದವು! ಶಿಳ್ಳೆ ಹಾಕುತ್ತಾ ಒಳಗೆ ಹೋಗಿ ಟೊಮೆಟೊ ಹಿಂಡುತ್ತಾ ಕುಳಿತೆ.

ಎರಡು ಗಂಟೆಗೆ ಮರಿಲೇನಾ ಮೊಟ್ಸರೆಲ್ಲಾ ಗಿಣ್ಣು ಹಿಡಿದು ಬಂದಳು.

"ಹಿಟ್ಟೆಲ್ಲಿ?"

"ಬಾವೀಲಿ," ಎಂದೆ ಜಂಬದಿಂದ. ಅವಳ ಕಣ್ಣೆದುರೇ ಬುಟ್ಟಿಯನ್ನು ಮೇಲೆಳೆಯತೊಡಗಿದೆ. ಬುಟ್ಟಿ ಮೂರನೇ ಮಹಡಿ ದಾಟುವಷ್ಟರಲ್ಲಿ ಏನೋ ಘಮ್ಮೆನ್ನುವ ವಾಸನೆ ಬಂತು. ನಾಲ್ಕನೇ ಮಹಡಿಯಲ್ಲಿ ಬಿಸಿ ಹಬೆ ಕಂಡಿತು. ಐದನೇ ಮಹಡಿಗೆ ಬಂದು ಸೇರಿತು ಒಂದು ರೊಟ್ಟಿ! ಗಾಡಿಯ ಚಕ್ರದಷ್ಟು ದೊಡ್ಡದು, ಹೊಂಬಣ್ಣದ್ದು, ಕಾಗದದಲ್ಲಿ ಸುತ್ತಿದ್ದು. ಪಕ್ಕದಲ್ಲೇ ನನ್ನ ಪಾತ್ರೆ, ತೊಳೆದು ಒರೆಸಿ ಇಟ್ಟಿದ್ದು.

ಕೆಳಗಿನಿಂದ ಬೇಕರಿಯ ದೊನ್ ಕತೆಲ್ಲೋ ಕೂಗಿದ: "ದೊತ್ತೋರೆ! ಚೆನ್ನಾಗಿ ಬೆಂದಿದೆಯಾ? ದೊನ್ನಾ ಎರ್ಸಿಲಿಯಾ ಮನೆ ಹಿಟ್ಟು ಅಂತ ಒಲೆಯ ಒಳ್ಳೇ ಮೂಲೇಲಿ ಇಟ್ಟಿದ್ದೆ!"

ಆಗ ನೆನಪಾಯಿತು. ಪ್ರತಿ ಈಸ್ಟರ್ ಹಬ್ಬಕ್ಕೂ ಅತ್ತೆ ರೊಟ್ಟಿಯ ಹಿಟ್ಟನ್ನು ಇದೇ ಬುಟ್ಟಿಯಲ್ಲಿ ಇಳಿಸುತ್ತಾರೆ. ಕತೆಲ್ಲೋ ತನ್ನ ದೊಡ್ಡ ಒಲೆಯಲ್ಲಿ ಬೇಯಿಸಿ ಇದೇ ಬುಟ್ಟಿಯಲ್ಲಿ ಏರಿಸುತ್ತಾನೆ. ನಲವತ್ತು ವರ್ಷದಿಂದ ಇಬ್ಬರ ನಡುವೆ ಒಂದು ಮಾತೂ ಬೇಕಾಗಿಲ್ಲ. ನಾನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಅಂದರೆ ಸರಿಯಾಗಿ ಅವನ ಅಂಗಡಿಯ ಬಾಗಿಲಿಗೇ ತೋರಣ ಕಟ್ಟಿದ್ದೆ!

"ಹೋಗಲಿ ಬಿಡು," ಎಂದು ನಾನೇ ಸಮಾಧಾನ ಹೇಳಿದೆ. "ಇನ್ನೂ ಟೈಮಿದೆ. ಇನ್ನೊಂದು ಸಲ ಕಲಸ್ತೀನಿ."

"ಕಲಸು. ಹೆಪ್ಪು ತೆಗೆದಿಟ್ಟಿದೀಯ ತಾನೆ?"

"ತೆಗೆದಿಡೋದಾ?"

ಮರಿಲೇನಾ ನಿಧಾನವಾಗಿ ಕಿಟಕಿಯ ಕಡೆ ತಿರುಗಿದಳು. ಅಲ್ಲಿ ಭರಣಿ ಬೋರಲಾಗಿ ಹೊಳೆಯುತ್ತಿತ್ತು. ಅಷ್ಟು ಸ್ವಚ್ಛವಾಗಿ ಅದು ಅತ್ತೆಯ ಮದುವೆಯ ದಿನವೂ ಹೊಳೆದಿರಲಿಕ್ಕಿಲ್ಲ.

"ಸೋಪು ಹಾಕಿದ್ಯಾ?" ಎಂದಳು, ಪಿಸುಮಾತಿನಲ್ಲಿ.

"ಎರಡು ಸಲ."

"ಅಯ್ಯೋ, ನಮ್ಮಜ್ಜಿನ ತೊಳೆದುಬಿಟ್ಯಲ್ಲೋ!" ಎಂದು ಕುರ್ಚಿಯಲ್ಲಿ ಕುಸಿದಳು. "ಪ್ರತಿ ಸಲ ಒಂದು ಮುಷ್ಟಿ ಎತ್ತಿಡಬೇಕು ಅಂತ ನಮ್ಮ ಓಣಿ ಬೆಕ್ಕಿಗೂ ಗೊತ್ತು! ರೈತನ ಮಗ ಅಂತೀಯ! ನಿಮ್ಮಪ್ಪ ಕೋಣೆಗೆ ಬೀಗ ಹಾಕಿ ಕಾಯ್ತಾರಲ್ಲ ಬಿತ್ತನೆ ಗೋಧಿ, ಅದನ್ನ ಬೀಸಿ ರೊಟ್ಟಿ ಮಾಡಿ ತಿಂದಂಗೆ ಇದು!"

"ತೊಂಬತ್ತು ಪುಟದ ಪ್ರಬಂಧದಲ್ಲಿ ಇದು ಬರಲಿಲ್ಲ ಮರಿಲೇನಾ..."

"ತೊಂಬತ್ತೊಂದನೇ ಪುಟ ಬರೀಬೇಕಿತ್ತು! ಅಮ್ಮ ಬರೋದು ಐದಕ್ಕೆ. ಭರಣಿ ಹಿಡ್ಕೊಂಡು ಓಡು!"

ಐದು ಮಹಡಿ ಹಾರಿ ಇಳಿದು ಕತೆಲ್ಲೋನ ಕೈ ಹಿಡಿದುಕೊಂಡೆ. "ದೊನ್ ಕತೆಲ್ಲೋ, ನನ್ನ ಸಂಸಾರ ನಿಮ್ಮ ಕೈಲಿದೆ. ಒಂದು ಮುಷ್ಟಿ ಹೆಪ್ಪು!"

ಅವನು ನನ್ನ ಮುಖ ನೋಡಿದ, ಖಾಲಿ ಭರಣಿ ನೋಡಿದ, ತುಟಿ ಕಚ್ಚಿ ನಗು ತಡೆದುಕೊಂಡ. "ನನ್ನ ಹೆಪ್ಪೇ ಸಾಕಾ ದೊತ್ತೋರೆ? ವಾಸನೆ ಒಂದೇ ಥರ ಇರುತ್ತೆ, ಖಂಡಿತಾ ಇರುತ್ತೆ!" ಎಂದು ಭರಣಿ ತುಂಬಿಸಿ ಕೊಟ್ಟ. ಅಷ್ಟು ಖಾತ್ರಿಯಾಗಿ ಅವನು ಹೇಗೆ ಹೇಳಿದ ಎಂದು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ.

ಅದರಿಂದ ಒಂದು ಚಮಚ ತೆಗೆದು ಮತ್ತೆ ಹಿಟ್ಟು ಕಲಸುವ ಧೈರ್ಯ ನನಗಾಗಲಿಲ್ಲ. ಐದೂಮುಕ್ಕಾಲಿಗೆ ಅತ್ತೆ ಬಂದರು. ಬೆನ್ನಿಗೇ ಮೇಲಿನ ಮನೆಯ ಆರು ಜನ ಹಸಿದುಕೊಂಡು ಇಳಿದು ಬಂದರು. ಅತ್ತೆ ಯಾರನ್ನೂ ಮಾತಾಡಿಸದೆ ನೇರ ಅಡುಗೆಮನೆಗೆ ಹೋಗಿ ಭರಣಿಯ ಮುಸುಕು ತೆಗೆದರು. ಮೂಸಿದರು. ಬೆರಳಿಂದ ಒತ್ತಿದರು.

"ದೊತ್ತೋರೆ, ಇವನು ಹೇಗಿದ್ದ?"

"ಆರೋಗ್ಯವಾಗಿದ್ದ ಅತ್ತೆ..." ಎಂದು ಶುರುಮಾಡಿದ ನಾನು ಅವರ ಕಣ್ಣು ನೋಡಿ ತಡೆಯಲಾಗದೆ ಎಲ್ಲವನ್ನೂ ಕಕ್ಕಿಬಿಟ್ಟೆ. ಲೆಕ್ಕ, ಕಲ್ಲಂಗಡಿ, ಬಾವಿ, ಬುಟ್ಟಿ, ಸೋಪು! "ನಿಮ್ಮ ತಾಯಿಯ ಹೆಪ್ಪನ್ನ ರೊಟ್ಟಿ ಮಾಡಿಬಿಟ್ಟೆ ಅತ್ತೆ. ಇದು ಕತೆಲ್ಲೋ ಕೊಟ್ಟಿದ್ದು," ಎಂದೆ.

ಅತ್ತೆ ಕುಳಿತರು. ಪ್ರೊಚಿದಾಕ್ಕೆ ಒಯ್ದಿದ್ದ ಕೈಚೀಲವನ್ನು ತೊಡೆಯ ಮೇಲಿಟ್ಟು ಬಿಚ್ಚಿದರು. ಕನ್ನಡಕದ ಡಬ್ಬಿ ತೆಗೆದರು, ಜಪಮಾಲೆ ತೆಗೆದರು, ಉಣ್ಣೆ ಶಾಲಿನ ಒಂದು ಗಂಟು ತೆಗೆದರು. ಶಾಲು ಬಿಚ್ಚಿದರೆ ಒಳಗೊಂದು ಪುಟ್ಟ ಭರಣಿ! ಅದರೊಳಗೆ ಗುಳ್ಳೆ ಗುಳ್ಳೆಯಾಗಿ, ಸಮುದ್ರದ ಗಾಳಿ ಕುಡಿದು ಗುಂಡಗಾಗಿ ಕುಳಿತಿತ್ತು ಹೆಪ್ಪುಹಿಟ್ಟು!

"ಭೂಕಂಪದಲ್ಲೇ ಬಿಟ್ಟು ಹೋಗಲಿಲ್ಲ ಇವನನ್ನ. ಅಳಿಯನ ಕೈಲಿ ಬಿಟ್ಟು ಹೋಗ್ತೀನಾ?"

"ಹಾಗಾದ್ರೆ... ನಾನು ಮೂರು ದಿನ ಜ್ವರ ನೋಡಿದ್ದು?"

"ಅದಾ? ಬುಧವಾರ ಬೆಳಿಗ್ಗೆ ಕತೆಲ್ಲೋ ಅಂಗಡೀಲಿ ಇಸ್ಕೊಂಡಿದ್ದು."

ಅಂದರೆ ಕತೆಲ್ಲೋನ ಹೆಪ್ಪನ್ನು ನಾನು ಕಲಸಿ ಕತೆಲ್ಲೋಗೇ ಇಳಿಸಿ, ಕತೆಲ್ಲೋ ಬೇಯಿಸಿ, ಮತ್ತೆ ಕತೆಲ್ಲೋನ ಹತ್ತಿರವೇ ಹೋಗಿ ಕಣ್ಣೀರು ಹಾಕಿ ಅದನ್ನೇ ತಂದಿದ್ದೆ! ಮೇಲಿನ ಮನೆಯವರು ನಗುತ್ತಾ ಗೋಡೆ ಹಿಡಿದುಕೊಂಡರು. ಕೊನೆಗೆ ಆ ರೊಟ್ಟಿಯನ್ನೇ ಕೊಯ್ದು, ನನ್ನ ಟೊಮೆಟೊ, ಗಿಣ್ಣು, ಕಾಮಕಸ್ತೂರಿ ಹೇರಿಕೊಂಡು ಎಲ್ಲರೂ ತಿಂದರು. ಅತ್ತೆ ಎರಡು ಸಲ ಹಾಕಿಸಿಕೊಂಡು, "ಚೆನ್ನಾಗಿದೆ. ಕತೆಲ್ಲೋ ಕೈಗುಣ," ಎಂದರು.

ಮರುದಿನ, ಭಾನುವಾರ, ಸ್ವಲ್ಪ ಅನುಕಂಪವಾದರೂ ಸಿಗಲೆಂದು ಊರಿಗೆ ಫೋನು ಮಾಡಿ ಅಪ್ಪನಿಗೆ ಎಲ್ಲ ಹೇಳಿಕೊಂಡೆ. "ನೋಡಪ್ಪಾ, ಓದಿದವನ ಮೇಲೆ ಈ ಮನೇಲಿ ಇಷ್ಟೂ ನಂಬಿಕೆ ಇಲ್ಲ!"

ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನಿಮ್ಮತ್ತೆ ತಿಳಿದ ಹೆಂಗಸು ಮಗಾ. ಬಿತ್ತನೆ ಕೋಣೆ ಬೀಗದಕೈನ ನಿನ್ನ ತಮ್ಮನ ಕೈಗೆ ಕೊಟ್ಟು, ನಿನ್ನ ಓದೋಕೆ ಕಳಿಸಿದ್ದು ಯಾಕೆ ಅಂದ್ಕೊಂಡಿದ್ದೆ?"