ಎದುರಾಳಿಯ ಕಾಲಂ ಖಾಲಿ ಬಿಡತಕ್ಕದ್ದಲ್ಲ

ದೈಹಿಕ ಶಿಕ್ಷಣ ಪರೀಕ್ಷೆಯ ಹದಿನಾಲ್ಕನೇ ನಮೂನೆಯಲ್ಲಿ ‘ಎದುರಾಳಿಯ ಹೆಸರು’ ಎಂಬ ಕಾಲಂ ಇದ್ದು, ಅದನ್ನು ಖಾಲಿ ಬಿಡತಕ್ಕದ್ದಲ್ಲ. ನಿಯಮದಲ್ಲಿ ತಪ್ಪೇನೂ ಇಲ್ಲ. ಟೆನಿಸ್ ಆಡುವ ಮಕ್ಕಳು ವರ್ಷಾನುಗಟ್ಟಲೆಯಿಂದ ಅದನ್ನು ತುಂಬುತ್ತಲೇ ಬಂದಿದ್ದಾರೆ.

ಫೆನ್‌ಹೋಮ್ ಶಾಲೆಯ ಕಚೇರಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಗುಮಾಸ್ತಿಕೆ ಮಾಡುತ್ತಿದ್ದೇನೆ. ಲಿಂಕನ್‌ಶೈರಿನ ಈ ಭಾಗದಲ್ಲಿ ನೆಲ ಎಷ್ಟು ಸಪಾಟೆಂದರೆ, ಮೂರು ಮೈಲಿ ಆಚೆಯ ಹಸು ಯಾವ ಕಡೆ ಮುಖ ಮಾಡಿದೆಯೆಂದು ನನ್ನ ಕಿಟಕಿಯಿಂದಲೇ ಹೇಳಬಹುದು. ಇರುವುದು ಒಂದೇ ಗುಡ್ಡ, ಅದೂ ಊರಿನ ಕಸ ಸುರಿದು ಸುರಿದು ಆದದ್ದು. ಅದರ ಮೇಲೆ ಬ್ರಷ್ಷಿನಂಥ ಪ್ಲಾಸ್ಟಿಕ್ ಚಾಪೆ ಹಾಸಿ, ನೀರು ಚಿಮುಕಿಸಿ, ಹಿಮದ ಹಂಗಿಲ್ಲದೆ ಸ್ಕೀಯಿಂಗ್ ನಡೆಸುತ್ತಾರೆ. ಹದಿನಾರರ ಟ್ಯಾಮ್ಸಿನ್ ಓಗಲ್ ಬೆಳೆದದ್ದೇ ಆ ಚಾಪೆಯ ಮೇಲೆ. ಸ್ಕಾಟ್ಲೆಂಡಿನ ಕಾಲೇಜೊಂದಕ್ಕೆ ಸೇರಿ ಸ್ಕೀಯಿಂಗ್ ಕಲಿಸುವವಳಾಗಬೇಕೆಂಬುದು ಅವಳ ಆಸೆ. ಅದಕ್ಕೆ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಏಳಾದರೂ ಬರಬೇಕು.

ಮೇಷ್ಟ್ರು ಕ್ಲೈವ್ ಪಿಂಚ್‌ಬೆಕ್ ಅವಳ ಸಾಮರ್ಥ್ಯವನ್ನು ಗುಡ್ಡದ ಬುಡದಲ್ಲಿ ನಿಂತು ಅಳೆದು, ಒಂಬತ್ತು ಕೊಟ್ಟು, ನಮೂನೆ ಕಳಿಸಿದರು. ಕಾಲಂ ಖಾಲಿ ಇದೆಯೆಂದು ಪರೀಕ್ಷಾ ಮಂಡಳಿ ಅದನ್ನು ವಾಪಸು ಕಳಿಸಿತು. ಶಾಲೆಯಲ್ಲಿ ಸ್ಕೀಯಿಂಗ್ ಮಾಡುವವಳು ಅವಳೊಬ್ಬಳೇ.

“ಇದಕ್ಕೆ ಎದುರಾಳಿ ಬೇಕಿಲ್ಲ ಸರ್,” ಎಂದಳು ಟ್ಯಾಮ್ಸಿನ್.

“ನನಗೂ ಗೊತ್ತಮ್ಮ. ಆದ್ರೆ ಕಾಲಂ ಇದೆಯಲ್ಲ. ಅಲ್ಲಿ ಬಿದ್ರೆ ನಿನಗೆ ಏಟು ಕೊಡೋದು ಯಾರು?”

“ಇಳಿಜಾರು.”

ಪಿಂಚ್‌ಬೆಕ್ ‘ಇಳಿಜಾರು’ ಎಂದು ಬರೆದರು.

ಎದುರಾಳಿಯ ವಿವರವನ್ನು ಸ್ವೀಕರಿಸಲಾಗಿದೆಯೆಂದೂ, ಆದರೆ ಎದುರಾಳಿಯೂ ನೋಂದಾಯಿತ ಅಭ್ಯರ್ಥಿಯಾಗಿರತಕ್ಕದ್ದೆಂದೂ ಮಂಡಳಿ ಉತ್ತರಿಸಿತು. ಆ ದಾಖಲಾತಿ ಮಾಡಿದವನು ನಾನೇ. ಚಾಪೆ ಹಾಸಿದ ದಿನವನ್ನು ಜನ್ಮದಿನಾಂಕವೆಂದು ಹಿಡಿದಾಗ ಇಳಿಜಾರಿಗೆ ಹದಿನಾಲ್ಕು ತುಂಬಿತ್ತು. ಮೈಕಟ್ಟು ನೋಡಿ ಎರಡು ತರಗತಿ ಮುಂದಕ್ಕೆ ಹಾಕಿದೆವು. ಗುಡ್ಡದ ಟಿಕೆಟ್ ಗೂಡಿನಲ್ಲಿ ಕೂರುವ ಡೋರೀನ್ ಸ್ಕೆಲ್ಟನ್ ಪೋಷಕರ ಜಾಗದಲ್ಲಿ ಸಹಿ ಹಾಕಿದಳು. ಮೂರು ವಾರದ ಹಾಜರಾತಿ ನೋಡಿ ನಾನು ಅವಳಿಗೆ ಫೋನ್ ಮಾಡಬೇಕಾಯಿತು.

“ಡೋರೀನ್, ನಿಮ್ಮ ಕಡೆಯದು ಒಂದು ದಿನವೂ ಶಾಲೆಗೆ ಬಂದಿಲ್ಲ.”

“ಅದು ಗುಡ್ಡ ಮಾರಾಯಾ! ಎಲ್ಲಿಂದ ಬರುತ್ತೆ?”

“ಆರೋಗ್ಯದ ತೊಂದರೆಯೇನಾದರೂ?”

“ಮೈತುಂಬ ಮೊಳೆ ಹೊಡೆದು ಚಾಪೆ ಕೂರಿಸಿದೀವಿ. ಬೇಕಾದ್ರೆ ಅದನ್ನೇ ಬರ್ಕೋ.”

ವೈದ್ಯಕೀಯ ಕಾರಣವೆಂದು ಬರೆದುಕೊಂಡೆ.

ಮಾರ್ಚಿನಲ್ಲಿ ಮಂಡಳಿಯ ಪರಿವೀಕ್ಷಕಿ ಮಿಸೆಸ್ ಹ್ಯಾಟರ್ಸ್‌ಲಿ ಮಳೆಯಲ್ಲೇ ಬಂದರು. ಟ್ಯಾಮ್ಸಿನ್ ಒಂಬತ್ತು ಸಲ ಇಳಿದಳು. ಕಂಬಗಳ ನಡುವೆ ಅವಳು ಮಂಡಿಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿಸಿ ತಿರುಗಿ ತಿರುಗಿ ಬರುತ್ತಿದ್ದರೆ, ಆ ಆಟದ ಗಂಧವಿಲ್ಲದ ನಾನೂ ಛತ್ರಿ ಬಿಚ್ಚುವುದನ್ನು ಮರೆತೆ. ಅವಳ ಅಪ್ಪ ರಾನ್, ಲಾರಿ ಡ್ರೈವರು, ಟೋಪಿ ತೆಗೆದು ನೆನೆಯುತ್ತ ನಿಂತಿದ್ದ.

“ಎದುರಾಳಿ ಎಲ್ಲಿ?” ಎಂದರು ಹ್ಯಾಟರ್ಸ್‌ಲಿ.

“ನೀವು ನಿಂತಿರೋದೇ ಅದರ ಮೇಲೆ, ಮೇಡಂ,” ಎಂದರು ಪಿಂಚ್‌ಬೆಕ್.

ಆಕೆ ಚಟ್ಟನೆ ಪಕ್ಕಕ್ಕೆ ಸರಿದು, ಇಳಿಜಾರಿಗೆ “ಕ್ಷಮಿಸಿ” ಎಂದರು.

ಪಂದ್ಯದ ಕೊನೆಗೆ ಕೈಕುಲುಕುವುದು ಕಡ್ಡಾಯ. ಟ್ಯಾಮ್ಸಿನ್ ಅಪ್ಪನ ಮುಖ ನೋಡಿದಳು. ಅವನು “ಮಾಡಿಬಿಡು ಮಗಳೇ” ಎಂದ. ಅವಳು ಕೈಗವಸು ಕಳಚಿ, ಬಗ್ಗಿ, ಚಾಪೆಯ ಮೇಲೆ ಅಂಗೈ ಒತ್ತಿದಳು. ‘ಎದುರಾಳಿಯ ಹಸ್ತಲಾಘವ ದೃಢವಾಗಿದೆ’ ಎಂದು ಹ್ಯಾಟರ್ಸ್‌ಲಿ ದಾಖಲಿಸಿಕೊಂಡರು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಟ್ಯಾಮ್ಸಿನ್‌ಗೆ ಐದು, ಇಳಿಜಾರಿಗೆ ಒಂಬತ್ತು. ವರದಿ ಹೀಗಿತ್ತು: ‘ಅಭ್ಯರ್ಥಿ ಓಗಲ್ ಪ್ರತಿ ಬಾರಿಯೂ ಮೇಲಿನಿಂದ ಕೆಳಕ್ಕೇ ಜಾರಿದ್ದು, ಮೇಲೇರಲು ಯಂತ್ರದ ನೆರವು ಪಡೆದಿರುತ್ತಾರೆ. ಸದರಿ ಇಳಿಜಾರು ಸತತ ಒತ್ತಡದಲ್ಲೂ ಸ್ಥಾನ ಬಿಟ್ಟು ಕದಲಿರುವುದಿಲ್ಲ. ಮಳೆಗೆ ಧೃತಿಗೆಟ್ಟಿರುವುದಿಲ್ಲ. ತೀರ್ಪಿನ ಬಗ್ಗೆ ತಕರಾರು ತೆಗೆದಿರುವುದಿಲ್ಲ.’

ಟ್ಯಾಮ್ಸಿನ್ ನನ್ನ ಮೇಜಿನ ಮುಂದೆ ಕುಳಿತು ಅದನ್ನು ಎರಡು ಸಲ ಓದಿದಳು.

“ನಾನು ಒಂದ್ಸಲನೂ ಬೀಳಲಿಲ್ಲ, ಸರ್.”

“ಅದೂ ಬೀಳಲಿಲ್ಲವಲ್ಲಮ್ಮ,” ಎಂದರು ಪಕ್ಕದಲ್ಲಿ ನಿಂತಿದ್ದ ಪಿಂಚ್‌ಬೆಕ್, ತುಂಬ ಮೃದುವಾಗಿ.

ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. ಮೇಲ್ಮನವಿಗೆ ಅವಕಾಶವಿತ್ತು. ಅದಕ್ಕೆ ಎದುರಾಳಿಯ ಪೋಷಕರ ಒಪ್ಪಿಗೆ ಬೇಕಿತ್ತು. ಅಪ್ಪ ಮಗಳು ಟಿಕೆಟ್ ಗೂಡಿಗೆ ಹೋದರು. ಡೋರೀನ್ ಇಬ್ಬರಿಗೂ ಚಹಾ ಕೊಟ್ಟಳು. ಟ್ಯಾಮ್ಸಿನ್ ಅವಳ ಕಣ್ಣೆದುರೇ ಬೆಳೆದ ಹುಡುಗಿ.

“ಬೇಜಾರು ಮಾಡ್ಕೋಬೇಡ ಕಣೇ,” ಎಂದಳು. “ನಮ್ಮ ಕಡೆಯವರಿಗೆ ಯಾರಿಗೂ ಒಂಬತ್ತು ಅಂತ ಬಂದಿದ್ದೇ ಇಲ್ಲ. ನಾನಾಗಿ ಅದರ ಭವಿಷ್ಯಕ್ಕೆ ಹೇಗೆ ಅಡ್ಡ ಬರಲಿ?”

ರಾನ್‌ಗೂ ಅದು ನ್ಯಾಯವೆಂದೇ ಕಂಡಿತು.

ಮರುವರ್ಷ ಸ್ಕೀಯಿಂಗ್ ಪರೀಕ್ಷೆಗೆ ಮೂವತ್ತೊಂದು ಮಕ್ಕಳು ಹೆಸರು ಕೊಟ್ಟರು. ಎಲ್ಲರೂ ಇಳಿಜಾರಾಗಿ. ಮಂಡಳಿಯಿಂದ ಆಕ್ಷೇಪಣೆ ಬರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಅವರನ್ನು ಸಾಲಾಗಿ ಮಲಗಿಸಲಾಯಿತು. ತಲೆ ಎತ್ತರಕ್ಕೆ, ಕಾಲು ತಗ್ಗಿಗೆ ಇರುವಂತೆ ಒಬ್ಬೊಬ್ಬರ ಬೆನ್ನ ಕೆಳಗೂ ಒಂದೊಂದು ಹಲಗೆ. ಪೋಷಕರು ಫ್ಲಾಸ್ಕ್ ಹಿಡಿದು ಬೇಲಿಗೆ ಒರಗಿ ನೋಡುತ್ತಿದ್ದರು.

“ನಮ್ಮವನು ನಲವತ್ತು ನಿಮಿಷ ಆಯ್ತು, ಅಲುಗಾಡೇ ಇಲ್ಲ,” ಎಂದಳು ಒಬ್ಬ ತಾಯಿ.

“ನಮ್ಮನೇದು ಮೊದಲಿಂದ್ಲೂ ಹಾಗೇ. ಈಗ ಅದಕ್ಕೊಂದು ಬೆಲೆ ಬಂತು,” ಎಂದಳು ಇನ್ನೊಬ್ಬಳು.

ಎರಡನೇ ಸಾಲಿನಲ್ಲಿ ನಾಲ್ಕನೆಯವಳಾಗಿ ಟ್ಯಾಮ್ಸಿನ್ ಮಲಗಿದ್ದಳು. ಮರುಪರೀಕ್ಷೆ. ಒಂಬತ್ತು ಖಂಡಿತವೆಂದು ಪಿಂಚ್‌ಬೆಕ್ ನನಗೆ ಮೆಲ್ಲಗೆ ಹೇಳಿದ್ದರು.

ಹನ್ನೊಂದರ ಹೊತ್ತಿಗೆ ಹಿಮ ಬೀಳತೊಡಗಿತು. ನಮ್ಮ ಕಡೆ ಏಳು ವರ್ಷದಿಂದ ಬಿದ್ದಿರದ ನಿಜವಾದ ಹಿಮ. ದಪ್ಪವಾಗಿ, ಸದ್ದಿಲ್ಲದೆ ಬಿದ್ದು ಮೈದಾನವನ್ನೆಲ್ಲ ಮುಚ್ಚಿತು. ಮಕ್ಕಳು ಯಾರೂ ಏಳಲಿಲ್ಲ. ಟ್ಯಾಮ್ಸಿನ್ ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಿದ್ದಳು. ಅವಳ ಮಂಡಿಗಳು ಒಮ್ಮೆ, ಕೂದಲೆಳೆಯಷ್ಟು, ಎಡಕ್ಕೆ ಬಾಗಿದವು. ಆಮೇಲೆ ಬಲಕ್ಕೆ.

ಪಿಂಚ್‌ಬೆಕ್ ಅರ್ಧ ಅಂಕ ಕಳೆದರು. ಬೇಲಿಯಾಚೆ ಅವಳ ಅಪ್ಪ, ಕಳೆದದ್ದು ಸರಿಯೆಂದು ತಲೆಯಾಡಿಸಿದ.