ಗುಡ್ಡವಲ್ಲದ ಹಿಲ್

ಶೈಲಜಾಳ ಸೋದರಮಾವ ನಾಗರಾಜು ಮೈಸೂರಿನಿಂದ ಅಮೆರಿಕದ ಮಾರ್ಗನ್ ಹಿಲ್‌ಗೆ ಬಂದಿಳಿದ ದಿನದಿಂದ ಅವಳ ಗಂಡ ಶೇಷಾದ್ರಿಯ ಆಫೀಸು ಕೋಣೆ ಅವರ ಪಾಲಾಗಿತ್ತು. ಶೇಷಾದ್ರಿ ಮೀಟಿಂಗಿನಲ್ಲಿದ್ದರೆ ಮಾವ ಬನಿಯನ್ನಿನಲ್ಲೇ ಕ್ಯಾಮೆರಾಕ್ಕೆ ಬಗ್ಗಿ ಅವನ ಮ್ಯಾನೇಜರಿಗೆ ಕೈಮುಗಿದು ಹೋಗುತ್ತಿದ್ದರು. ಚಳಿಗಾಲ ಇಲ್ಲೇ ಕಳೆಯುವುದೋ, ಫಾಸ್ಟರ್ ಸಿಟಿಯ ಮಗಳು ಭಾವನಾಳ ಮನೆಗೆ ಹೋಗುವುದೋ ಎಂಬುದಿನ್ನೂ ತೀರ್ಮಾನವಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಮಾವ ಕಾಫಿ ಹೀರುತ್ತ ಅಂದರು: "ಅಳಿಯಂದ್ರೇ, ನಿಮ್ಮೂರಲ್ಲಿ ನೋಡೋ ಅಂಥದ್ದು ಏನಿದೆ? ಮನಸ್ಸಿಗೆ ಹಿಡಿಸಿದ್ರೆ ಯುಗಾದಿವರೆಗೂ ಇಲ್ಲೇ ಇದ್ಬಿಡ್ತೀನಿ."

ಶೇಷಾದ್ರಿಯ ತಲೆ ಚುರುಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ ತೋರಿಸಿದರೆ ಕೆಟ್ಟೆ. ಈ ಪುಟ್ಟ ಊರಿನ ಇತಿಹಾಸ ತೋರಿಸಿದರೆ? ಅರಮನೆ ನೋಡಿಕೊಂಡು ಬೆಳೆದವರು, ಎರಡು ಮರದ ಮನೆ ನೋಡುವಷ್ಟರಲ್ಲಿ ಆಕಳಿಸಿ ಗಂಟುಮೂಟೆ ಕಟ್ಟುತ್ತಾರೆ.

"ಹಿಸ್ಟರಿ ತೋರಿಸ್ತೀನಿ ಮಾವ, ಹೊರಡಿ."

ಕಾರು ಹೊರಬರುವಷ್ಟರಲ್ಲಿ ಎದುರುಮನೆಯ ಪ್ರಭಾ ಪ್ರತ್ಯಕ್ಷಳಾದಳು. ಕರೆಯದೆ ಬರುವುದರಲ್ಲಿ ಆಕೆ ನೆಗಡಿಯ ಹಾಗೆ. "ಹಿಸ್ಟರೀನಾ? ನಾನೂ ಬಂದೆ!" ಎಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಳು.

ಶೇಷಾದ್ರಿ ಪಶ್ಚಿಮಕ್ಕೆ ಕೈ ತೋರಿಸಿದ. "ಅದೇ ಮಾರ್ಗನ್ ಹಿಲ್ಲು. ಒಣ ಗುಡ್ಡ. ಅದರಿಂದ ಊರಿಗೆ ಆ ಹೆಸರು. ಅಷ್ಟೇ."

"ಅಯ್ಯೋ, ಆ ಗುಡ್ಡದ ಹೆಸರು ಎಲ್ ಟೋರೋ ಕಣ್ರೀ!" ಪ್ರಭಾ ಚೀರಿದಳು. "ಮಾರ್ಗನ್ ಹಿಲ್ ಅಂದ್ರೆ ಮನುಷ್ಯ! ಹಿಲ್ ಅನ್ನೋದು ಅವನ ಮನೆತನದ ಹೆಸರು."

ಒರಗಿ ಕೂತಿದ್ದ ಮಾವ ನೆಟ್ಟಗಾದರು. "ಊರ ಪಕ್ಕ ಗುಡ್ಡ ಇದೆ, ಊರ ಹೆಸರಲ್ಲೂ ಗುಡ್ಡ ಇದೆ. ಆದ್ರೆ ಅದು ಬೇರೆ, ಇದು ಬೇರೆ? ಭಲೇ!"

ಶೇಷಾದ್ರಿ ಬೇಗನೆ ರೈಲು ಹಳಿಯ ಹತ್ತಿರ ನಿಲ್ಲಿಸಿದ. ಹಳಿಗಿಂತ ನೀರಸವಾದದ್ದು ಇನ್ನೇನಿದೆ? ಪ್ರಭಾ ಅಲ್ಲಿಯೂ ಬಿಡಲಿಲ್ಲ. "ಆಗ ಇಲ್ಲಿ ಊರೇ ಇರ್ಲಿಲ್ಲ ಅಂಕಲ್. ರೈಲಲ್ಲಿ ಬರೋರು 'ಮಾರ್ಗನ್ ಹಿಲ್ ಅವರ ಜಮೀನಿನ ಹತ್ರ ಇಳಿಸಿ' ಅಂತಿದ್ರಂತೆ. ಹಾಗೇ ಹೆಸರು ನಿಂತುಬಿಡ್ತು."

ಮಾವ ಇಳಿದು, ಹಳಿಯ ಉದ್ದಕ್ಕೂ ಕಣ್ಣು ಹಾಯಿಸಿದರು. "ಇಳಿಸಿ ಅಂದಿದ್ದೇ ಊರಾಯ್ತಲ್ಲಾ!" ಅವರ ದನಿ ದೇವಸ್ಥಾನದಲ್ಲಿ ನಿಂತವರ ಹಾಗೆ ತಗ್ಗಿತ್ತು.

ಕೊನೆಯ ಆಸೆ, ಹಿಲ್ ದಂಪತಿ ಕಟ್ಟಿಸಿದ ಹಳೆಯ ಮನೆ. ಬಂದವರಿಗೆ ಮನೆ ತೋರಿಸುವ ಬೆಳ್ಳಿಗೂದಲಿನ ಅಮೆರಿಕನ್ ಅಜ್ಜಿಯೊಬ್ಬರು ಬಾಗಿಲಲ್ಲಿ ಸ್ವಾಗತಿಸಿದರು. ಲಕ್ಷಗಟ್ಟಲೆ ಎಕರೆಯ ಒಡೆಯನ ಮಗಳು ಡಯಾನಾ ಈ ಮಾರ್ಗನ್ ಹಿಲ್‌ನನ್ನು ಗುಟ್ಟಾಗಿ ಮದುವೆಯಾದ ಕತೆಯನ್ನು ನಿನ್ನೆ ಮೊನ್ನೆ ನಡೆದದ್ದೇನೋ ಎಂಬಂತೆ ಪಿಸುಗುಟ್ಟಿದರು.

ಶೇಷಾದ್ರಿ ಆಕಳಿಸಲು ಬಾಯಿ ತೆರೆದ. ಆಕಳಿಕೆ ಬರಲಿಲ್ಲ. ಎದುರಿನ ಕಿಟಕಿಯಲ್ಲಿ ಎಲ್ ಟೋರೋ ಇಡಿಯಾಗಿ ನಿಂತಿತ್ತು. ಇಷ್ಟು ವರ್ಷ ಫ್ರೀವೇಯಲ್ಲಿ, ಮುಂದಿನ ಕಾರಿನ ಕೆಂಪು ದೀಪ ನೋಡುವ ಗಡಿಬಿಡಿಯಲ್ಲಿ, ಅವನು ಅದನ್ನು ಒಮ್ಮೆಯೂ ಕಣ್ತುಂಬ ನೋಡಿರಲಿಲ್ಲ. ನೂರು ವರ್ಷಕ್ಕೂ ಹಿಂದೆ ಒಬ್ಬ ಹೆಣ್ಣುಮಗಳು ಇಲ್ಲೇ ನಿಂತು ಇದೇ ಗುಡ್ಡ ನೋಡಿರಬೇಕು. ಚೌಕಟ್ಟಿನ ಮರವನ್ನು ಮುಟ್ಟಿದ. ಕೈ ತೆಗೆಯಲು ಮನಸ್ಸಾಗಲಿಲ್ಲ.

"ಸುಮ್ನೆ ನಿಂತ್ಕೊಳ್ಳಿ," ಪಕ್ಕದಲ್ಲಿ ಮಾವ ಮೆಲ್ಲನೆ ಅಂದರು. "ಮಾತಾಡಬೇಡಿ."

ಪ್ರಭಾ ಕೂಡ ಮಾತಾಡಲಿಲ್ಲ. ಅದೇ ಒಂದು ಐತಿಹಾಸಿಕ ಘಟನೆ.

ಮನೆಗೆ ಬರುವ ಹೊತ್ತಿಗೆ ಶೇಷಾದ್ರಿ ಬೇರೆ ಮನುಷ್ಯನಾಗಿದ್ದ. "ಮಾವ, ಯುಗಾದಿವರೆಗೂ ಇಲ್ಲೇ ಇರಿ. ಆಫೀಸು ಕೋಣೆ ನಿಮ್ದೇ. ಮುಂದಿನ ಶನಿವಾರ ಇಬ್ಬರೂ ಆ ಗುಡ್ಡ ಹತ್ತೋಣ."

ಮಾವ ಪೆಚ್ಚಾಗಿ ನಕ್ಕರು. "ಈಗಷ್ಟೇ ಭಾವನಾಗೆ ಫೋನ್ ಮಾಡ್ದೆ ಅಳಿಯಂದ್ರೇ. ಫಾಸ್ಟರ್ ಸಿಟೀಲೂ ಹಿಸ್ಟರಿ ಇದ್ಯೇನಮ್ಮಾ ಅಂತ ಕೇಳ್ದೆ. ಜೌಗಿಗೆ ಮಣ್ಣು ತುಂಬಿಸಿ ಅದರ ಮೇಲೆ ಊರು ಕಟ್ಟಿದಾರಂತೆ! ಇಲ್ಲಿ ಮನೆ ಹಳೇದು, ಅಲ್ಲಿ ನೆಲಾನೇ ಹೊಸದು! ಬೆಳಿಗ್ಗೆ ಕರ್ಕೊಂಡು ಹೋಗೋಕೆ ಬರ್ತಾಳೆ. ಚಳಿಗಾಲ ಅಲ್ಲೇ."

ಶೈಲಜಾ ಗಂಡನ ಕಿವಿಯಲ್ಲಿ ಉಸುರಿದಳು: "ಈಗ ಸಂತೋಷ ತಾನೇ?"

ಶೇಷಾದ್ರಿ ಮಾವನ ಸೂಟ್‌ಕೇಸು ತರಲು ಗರಾಜಿಗೆ ನಡೆದ. ಹಿಂದಿನಿಂದ ಮಾವ ಕೂಗಿದರು:

"ಗುಡ್ಡ ಮಾತ್ರ ಬಿಡಬೇಡಿ ಅಳಿಯಂದ್ರೇ! ನಿಮ್ಮ ಜೊತೆಗೆ ಹೋಗೋಕೆ ಪ್ರಭಾಗೆ ಹೇಳಿದೀನಿ. ಪ್ರತಿ ಶನಿವಾರ ಬರ್ತಾಳಂತೆ!"