ಏಳನೆಯ ಪರಿಶೀಲಕರಿಗೆ

ಕಾಯಲ್ ಫುಟ್‌ಬಾಲ್ ಕ್ಲಬ್ಬಿನ ನೂತನ ತರಬೇತುದಾರರಿಗೆ ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಿಂದ ಕಾಶೀನಾಥನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಎಲ್ಲರ ಆರೋಗ್ಯ ವಿಚಾರಿಸಿದ ಮೇಲೆಯೇ ವಿಷಯಕ್ಕೆ ಬರುವುದು ನಮ್ಮ ಮನೆತನದ ಪದ್ಧತಿ. ಗೋಲ್‌ಕೀಪರ್ ವಿನಾಯಕನ ಬಲಗೈ ಹೆಬ್ಬೆರಳಿನ ಬಾವು ಇಳಿಯಿತೆ? ಹೋದ ಶನಿವಾರ ನಾಲ್ಕು ಸಲ ಬಲೆಯೊಳಗಿಂದ ಚೆಂಡನ್ನು ಎತ್ತಿ ಕೊಡುವಾಗ ಅವನು ಎಡಗೈಯನ್ನೇ ಬಳಸಿದ್ದನ್ನು ಟಿ.ವಿ.ಯಲ್ಲಿ ಕಂಡು ನನ್ನ ಮನೆಯಾಕೆ ದಾಕ್ಷಾಯಣಿಗೆ ಕರುಳು ಚುರುಕ್ಕೆಂದಿತಂತೆ. ಎಡಬದಿಯ ಡಿಫೆಂಡರ್ ಆದರ್ಶನ ಮೊಣಕಾಲು ಹೇಗಿದೆ? ಮುಂದಿನ ಸಾಲಿನ ಕೌಶಿಕನ ಕಾಲುಗಳು ಸುಸ್ಥಿತಿಯಲ್ಲಿವೆ ಎಂದು ಬಲ್ಲೆ, ಏಕೆಂದರೆ ಅವುಗಳನ್ನು ಅವನು ಈ ವರ್ಷ ಬಳಸದೆ ಹೊಸದಾಗಿಯೇ ಉಳಿಸಿಕೊಂಡಿದ್ದಾನೆ. ಫಿಸಿಯೋಥೆರಪಿಸ್ಟ್ ಫಾತಿಮಾ ಅವರಿಗೆ ವಿಶೇಷ ನಮಸ್ಕಾರ ತಿಳಿಸಿರಿ. ನಮ್ಮ ಕಡೆಯಲ್ಲಿ ಮೈದಾನದ ಉದ್ದಗಲಕ್ಕೂ ಓಡುವವರು ಅವರೊಬ್ಬರೇ. ಇನ್ನು ತಮ್ಮ ಆರೋಗ್ಯ. ಇಲ್ಲಿಯ ಸೆಕೆ ಹೊರದೇಶದವರಿಗೆ ಒಗ್ಗಲು ಒಂದು ವರ್ಷ ಬೇಕೆಂದು ಹೇಳುತ್ತಾರೆ. ತಮಗಿಂತ ಮೊದಲಿನ ಆರು ಮಂದಿಗೆ ಅದು ಒಗ್ಗಿತೋ ಇಲ್ಲವೋ ತಿಳಿದುಕೊಳ್ಳುವ ಅವಕಾಶ ನಮಗೂ ಸಿಗಲಿಲ್ಲ, ಅವರಿಗೂ ಸಿಗಲಿಲ್ಲ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಗದಗಿನ ಕಡೆಯವನು, ಓದಿದ್ದು ಏಳನೆಯ ಇಯತ್ತೆ. ಕೇಂದ್ರ ಸರ್ಕಾರದ ಒಂದು ಕಚೇರಿಗೆ ಜವಾನನಾಗಿ ಕೊಚ್ಚಿಗೆ ಬಂದು, ಕಡತ ಹೊತ್ತು ಹೊತ್ತು ಅದರೊಳಗಿನ ಇಂಗ್ಲಿಷ್ ಕಲಿತು, ಇಲ್ಲಿಯ ವೈಟ್ಟಿಲ ನಿಲ್ದಾಣದಲ್ಲಿ ಬಸ್ಸುಗಳ ಬೋರ್ಡು ಓದಿ ಓದಿ ಮಲಯಾಳದ ಅಕ್ಷರ ಕಲಿತು, ಕಡೆಗೆ ವಿಭಾಗದ ಮೇಲ್ವಿಚಾರಕನಾಗಿ ನಿವೃತ್ತನಾದೆ. ಫುಟ್‌ಬಾಲನ್ನೂ ಹೀಗೆಯೇ, ಅಕ್ಕಪಕ್ಕದ ಕುರ್ಚಿಯವರ ಬೈಗುಳಗಳಿಂದ ಕಲಿತೆ; ಆದ್ದರಿಂದ ಆಫ್‌ಸೈಡ್ ಎಂದರೇನು ಎಂದು ಇಂದಿಗೂ ವಿವರಿಸಲಾರೆ, ಆದರೆ ಆಗ ಏನೆಂದು ಕೂಗಬೇಕು ಎಂಬುದು ಚೆನ್ನಾಗಿ ಗೊತ್ತು. ತಮ್ಮ ಕ್ಲಬ್ಬಿನ ಹೆಸರಿನಲ್ಲಿರುವ ಕಾಯಲ್ ಎಂದರೆ ಇಲ್ಲಿಯವರಿಗೆ ಹಿನ್ನೀರು. ನಾನು ಕನ್ನಡದವನು, ಅದನ್ನು ‘ಕಾಯಲು’ ಎಂದು ಕೇಳಿಸಿಕೊಂಡು ಒಂಬತ್ತು ವರ್ಷಗಳಿಂದ ಕಾಯುತ್ತ ಕುಳಿತಿದ್ದೇನೆ.

ತಾವು ಬಂದ ದಿನವೇ ಪತ್ರಕರ್ತರ ಮುಂದೆ ತಂಡವನ್ನು ಅಡಿಪಾಯದಿಂದ ಮತ್ತೆ ಕಟ್ಟುವುದಾಗಿ ಹೇಳಿದಿರಿ. ಕೇಳಿ ಮನಸ್ಸು ತುಂಬಿ ಬಂತು. ತಮ್ಮ ಹಿಂದಿನ ಆರೂ ಮಂದಿ ಇದೇ ಮಾತನ್ನು ಇದೇ ಕುರ್ಚಿಯಲ್ಲಿ ಕುಳಿತು ಹೇಳಿದ್ದರು. ಪರಂಪರೆಯನ್ನು ಮುರಿಯದ ವಿನಯವಂತರು ಈ ಕಾಲದಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಕಟ್ಟಬೇಕಾದರೆ ಮೊದಲು ಕೆಡವಬೇಕು ಎಂಬುದು ಗಾರೆ ಕೆಲಸದವನಿಗೂ ಗೊತ್ತಿರುವ ಮಾತು, ಮತ್ತು ಅದರ ಮೊದಲರ್ಧವನ್ನು ನಮ್ಮ ಕ್ಲಬ್ಬು ಪ್ರತಿವರ್ಷ ಎಷ್ಟು ಅಚ್ಚುಕಟ್ಟಾಗಿ ಮುಗಿಸುತ್ತದೆಂದರೆ, ಎರಡನೆಯ ಅರ್ಧಕ್ಕೆ ಕೈ ಹಾಕಿ ಆ ಕೀರ್ತಿಯನ್ನು ಕೆಡಿಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ನಾನಂತೂ ಏಳು ಸಲವೂ ನಂಬಿದೆ. ಏಳನೆಯ ಸಲ ನಂಬಿದಾಗ ದಾಕ್ಷಾಯಣಿ ಒಗ್ಗರಣೆಯ ಸೌಟನ್ನು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ನಾಲ್ಕು ವರ್ಷಗಳ ಹಿಂದೆ ಮಲಯಾಳ ಪತ್ರಿಕೆಯಲ್ಲಿ ನಮ್ಮ ಕ್ಲಬ್ಬಿಗೆ ಹೊಸ ‘ಪರಿಶೀಲಕನ್’ ಬಂದಿದ್ದಾರೆಂಬ ದಪ್ಪಕ್ಷರದ ಸುದ್ದಿ ಓದಿದೆ. ಮಲಯಾಳದಲ್ಲಿ ಆ ಪದಕ್ಕೆ ತರಬೇತುದಾರ ಎಂದು ಅರ್ಥ. ಮೂವತ್ತೈದು ವರ್ಷ ಸರ್ಕಾರಿ ಕಡತದ ಧೂಳು ಕುಡಿದ ಕನ್ನಡಿಗನಿಗೆ ಪರಿಶೀಲಕ ಎಂದರೆ ತಪಾಸಣೆಗೆ ಬಂದ ಅಧಿಕಾರಿಯಲ್ಲದೆ ಇನ್ನೇನು? ಸಾಲಾಗಿ ಐದು ಪಂದ್ಯ ಸೋತ ತರಬೇತುದಾರರ ಮೇಲೆ ಕೊನೆಗೂ ವಿಚಾರಣೆ ಬಂತೆಂದು ಹಿಗ್ಗಿ, ಆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಇಂಗ್ಲಿಷಿನಲ್ಲಿ ಆರು ಪುಟಗಳ ದೂರು ಸಿದ್ಧಪಡಿಸಿದೆ. ವಿಷಯ: ತರಬೇತುದಾರರ ನಿರ್ಲಕ್ಷ್ಯ ಕುರಿತು. ಉಲ್ಲೇಖ: ಐದು ಸೋಲುಗಳು. ಸಾರ್ವಜನಿಕರಿಗೆ ಅಭ್ಯಾಸ ನೋಡಲು ಬಿಟ್ಟ ದಿನ ಹೋದರೆ, ಮೈದಾನದ ಅಂಚಿನಲ್ಲಿ ಹೊಸಬರೊಬ್ಬರು ಕುತ್ತಿಗೆಗೆ ಸೀಟಿ ಹಾಕಿಕೊಂಡು ಪುಸ್ತಕದಲ್ಲಿ ಏನೋ ಟಿಪ್ಪಣಿ ಮಾಡುತ್ತಿದ್ದರು. ತರಬೇತುದಾರರ ಸುಳಿವೇ ಇಲ್ಲ. ತಪಾಸಣೆಗೆ ಬಂದಾಗ ಸಂಬಂಧಪಟ್ಟವರು ರಜೆ ಹಾಕುವುದು ನಮ್ಮ ಕಚೇರಿಯಲ್ಲೂ ವಾಡಿಕೆಯಾದ್ದರಿಂದ ನನಗೆ ಸಂಶಯ ಬರಲಿಲ್ಲ. ದೂರನ್ನು ಅವರ ಕೈಗಿತ್ತು, ಯಾವ ಮುಲಾಜಿಗೂ ಒಳಗಾಗಬೇಡಿ ಎಂದು ಇಂಗ್ಲಿಷಿನಲ್ಲೇ ಬಿನ್ನವಿಸಿದೆ. ಆ ಪುಣ್ಯಾತ್ಮರು ಆರೂ ಪುಟ ನಿಂತಲ್ಲೇ ಓದಿ, ನನ್ನ ಕೈ ಕುಲುಕಿ, ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಐದನೆಯ ವಾರ ಅವರು ಹೋದರು. ಇನ್ನೊಬ್ಬ ಪರಿಶೀಲಕನ್ ಬಂದರು, ಅವರೂ ಹೋದರು, ಮತ್ತೊಬ್ಬರು ಬಂದರು. ತಪಾಸಣೆಯ ಮೇಲೆ ತಪಾಸಣೆ ಮಾಡಿಸುವ ಇಂಥ ಕಟ್ಟುನಿಟ್ಟಿನ ಆಡಳಿತ ದೇಶದಲ್ಲಿ ಎಲ್ಲಿಯೂ ಇಲ್ಲವೆಂದು ನೆರೆಹೊರೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನನ್ನ ಕಣ್ಣು ತೆರೆಸಿದವಳು ಮೊಮ್ಮಗಳು ಇಂಚರಾ. ಒಂದು ಸಂಜೆ ಪಂದ್ಯ ಮುಗಿಸಿ ಮೆಟ್ರೋದಲ್ಲಿ ಮನೆಗೆ ಮರಳುವಾಗ, ಇಷ್ಟು ಮಂದಿ ಪರಿಶೀಲಕರು ಬಂದುಹೋದರೂ ಆ ತರಬೇತುದಾರನ ಕೂದಲೂ ಕೊಂಕಲಿಲ್ಲವಲ್ಲ ಎಂದು ನೊಂದು ನುಡಿದೆ. ಅವಳು ವಿಷಯ ಬಿಡಿಸಿ ಹೇಳಿ, ಅಲ್ಲಿಂದ ಕೊನೆಯ ನಿಲ್ದಾಣವಾದ ನಮ್ಮ ತ್ರಿಪ್ಪುಣಿತ್ತುರದವರೆಗೆ ನಕ್ಕಳು. ಎದುರಿನ ಸೀಟಿನವರು ಕಾರಣ ತಿಳಿಯದೆ ಜೊತೆಗೆ ನಕ್ಕರು. ತರಬೇತುದಾರನ ಮೇಲಿನ ದೂರನ್ನು ತರಬೇತುದಾರನ ಕೈಗೇ ಕೊಟ್ಟು ಮುಲಾಜು ಬೇಡ ಎಂದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಆದರೂ ಮಾನ್ಯರೇ, ಯೋಚಿಸಿ ನೋಡಿದರೆ ನನ್ನ ತಪ್ಪು ಅಷ್ಟೇನೂ ತಪ್ಪಾಗಿರಲಿಲ್ಲ. ಬರುವುದು, ಸುತ್ತ ನೋಡುವುದು, ಎಲ್ಲವೂ ಕೆಟ್ಟಿದೆ ಎಂದು ಬರೆಯುವುದು, ಹೋಗುವುದು. ಇದರಲ್ಲಿ ತರಬೇತಿ ಎಲ್ಲಿಂದ ಬಂತು? ಆದ್ದರಿಂದ ತಮ್ಮನ್ನು ಇನ್ನು ಮುಂದೆಯೂ ಕನ್ನಡದ ಅರ್ಥದಲ್ಲಿಯೇ ಪರಿಶೀಲಕರೆಂದು ಗೌರವಿಸುತ್ತೇನೆ.

ತಮ್ಮ ಆಟದ ಶೈಲಿಯ ಬಗ್ಗೆ ನಿಂದೆಯ ಮಾತು ಕೇಳಿಬರುತ್ತಿದೆ. ನಾನು ಮಾತ್ರ ಅದರ ಅಭಿಮಾನಿ. ಚೆಂಡು ವಿನಾಯಕನಿಂದ ಹೊರಟು, ಬಲಬದಿಯವನ ಅಭಿಪ್ರಾಯ ಪಡೆದು, ಎಡಬದಿಯ ಆದರ್ಶನ ಮುಂದೆ ಮಂಡನೆಯಾಗಿ, ಮಧ್ಯದವರು ಅದನ್ನು ಸೂಕ್ತ ಕ್ರಮಕ್ಕಾಗಿ ಹಿಂದಿರುಗಿಸಿ, ಕಡೆಗೆ ಮತ್ತೆ ವಿನಾಯಕನ ಕಾಲಬುಡಕ್ಕೇ ಬಂದು ನಿಲ್ಲುವುದನ್ನು ಕಂಡಾಗಲೆಲ್ಲ ನಾನು ನಿವೃತ್ತನಾಗಿಯೇ ಇಲ್ಲವೇನೋ ಅನ್ನಿಸುತ್ತದೆ. ನಮ್ಮ ಕಚೇರಿಯಲ್ಲಿಯೂ ಯಾವ ಕಡತವೂ ಮುಂದೆ ಹೋಗಿ ತಪ್ಪು ಮಾಡಿದ್ದಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಎದುರಾಳಿಗಳು ನಡುವೆ ನುಗ್ಗಿ ಕಡತ ಕಸಿದುಕೊಂಡು ಓಡುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲುವುದಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಸೋಲು ನನಗೆ ರೂಢಿಯಾಗಿದೆ. ದಾಕ್ಷಾಯಣಿಯಂತೂ ಇಲ್ಲಿಯ ದೇವಸ್ಥಾನದಲ್ಲಿ ಡ್ರಾ ಆಗಲೆಂದು ಮಾತ್ರ ಬೇಡಿಕೊಳ್ಳುತ್ತಾಳೆ, ದೇವರನ್ನು ಸಂಕೋಚಕ್ಕೆ ಸಿಕ್ಕಿಸಬಾರದಂತೆ. ಹೋದ ಶನಿವಾರ ತಟ್ಟೆಯ ಮುಂದೆ ನಾನು ಉಣ್ಣದೆ ಕುಳಿತದ್ದನ್ನು ಕಂಡು ಅವಳೆಂದಳು: “ಸೋತ ಹುಡುಗ್ರು ಹೊಟ್ಟಿ ತುಂಬ ಉಂಡು ಮಲ್ಕೊಂಡಾರ. ನೀವ್ಯಾಕ್ರಿ ಉಪಾಸ?” ನಾನು ಉಪವಾಸವಿದ್ದದ್ದು ಸೋಲಿಗಾಗಿ ಅಲ್ಲ.

ಇಂಚರಾ ಹುಟ್ಟಿ ಬೆಳೆದದ್ದು ಇಲ್ಲಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ, ಅವಳ ಅಜ್ಜಿ ಇಬ್ಬರನ್ನೂ ಊಟಕ್ಕೆ ಕರೆಯುತ್ತಾಳೆ; ಹೀಗೆ ನಮ್ಮ ಸಂಸಾರ ಸಾಗಿದೆ. ಎರಡು ವರ್ಷಗಳಿಂದ ಅವಳು ತಿರುವನಂತಪುರದ ಐ.ಟಿ. ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ನಮ್ಮ ಮಾತುಕತೆ ಉಂಡೆಯಾ, ಉಂಡೆ ಎನ್ನುವುದರೊಳಗೆ ಮುಗಿದುಹೋಗುತ್ತದೆ. ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡು ಇನ್ನೊಬ್ಬರು ಇಡಲಿ ಎಂದು ಮರ್ಯಾದೆಯಿಂದ ಕಾಯುತ್ತೇವೆ. ಆದರೆ ಕೊಚ್ಚಿಯಲ್ಲಿ ಪಂದ್ಯವಿರುವ ಶನಿವಾರ ಅಲ್ಲಿಯ ತಂಪಾನೂರು ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ಬರುತ್ತಾಳೆ. ಅಂದು ಮೆಟ್ರೋದಲ್ಲಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಆದರ್ಶ ಚೆಂಡು ಎತ್ತಿ ಹೊಡೆಯುವುದು ಯಾಕೆ ತಡವಾಯಿತು ಎಂಬಲ್ಲಿಂದ ಶುರುವಾದ ಮಾತು, ಹಾಸ್ಟೆಲಿನ ಸಾಂಬಾರಿಗೆ, ಮುಖ ಕೊಟ್ಟು ಮಾತಾಡದ ಮೇಲಧಿಕಾರಿಗೆ, ಒಂದೊಂದು ಸಲ ಬಾತ್‌ರೂಮಿಗೆ ಹೋಗಿ ಅತ್ತು ಬಂದದ್ದಕ್ಕೂ ಹೋಗಿ ನಿಲ್ಲುತ್ತದೆ. ಮನೆಯಲ್ಲಿ ಇನ್ನಾರಿಗೂ ಹೇಳದ ಮಾತುಗಳವು. ಇಬ್ಬರೂ ಎದುರಿನ ಕಿಟಕಿಯನ್ನು ನೋಡುತ್ತ ಕುಳಿತಿರುವುದರಿಂದ ಹೇಳುವುದು ಸುಲಭವಾಗುತ್ತದೋ ಏನೋ.

ಅವಳಿಗೂ ಕಷ್ಟವಿದೆ. ಕಾರ್ಖಾನೆಗಳಲ್ಲಿ ಅಪಘಾತವಿಲ್ಲದೆ ಕಳೆದ ದಿನಗಳು ಇಷ್ಟು ಎಂದು ಬರೆದು ಹಾಕುತ್ತಾರಲ್ಲ, ಹಾಗೆ ಅವಳ ಸಹೋದ್ಯೋಗಿ ಜುಬೈದಾ ಎಂಬ ಹುಡುಗಿ, ಕಾಯಲ್ ಕ್ಲಬ್ಬು ಕೋಚ್ ಬದಲಿಸದೆ ಕಳೆದ ದಿನಗಳು ಇಷ್ಟು ಎಂಬ ಹಲಗೆಯೊಂದನ್ನು ಇವಳ ಮೇಜಿನ ಮೇಲಿಟ್ಟಿದ್ದಾಳೆ. ಪ್ರತಿ ಬೆಳಿಗ್ಗೆ ತಾನೇ ಬಂದು ಅಂಕಿ ತಿದ್ದುತ್ತಾಳಂತೆ. ಹೋದ ಶನಿವಾರ ಸೊನ್ನೆ ನಾಲ್ಕರಿಂದ ಸೋತು ಮರಳುವಾಗ, ತಾವೂ ಹೊರಡುವ ಸುದ್ದಿಯಿದೆ ಎಂದು ಫೋನಿನಲ್ಲಿ ಓದಿ ಇಂಚರಾ ಎಂದಳು: “ಅಜ್ಜಾ, ಇನಿ ಕೋಚ್ ಮಾರಿಯಾಲ್ ಞಾನ್ ವರಿಲ್ಲ.” ಇನ್ನೊಮ್ಮೆ ಕೋಚ್ ಬದಲಾದರೆ ತಾನು ಬರುವುದಿಲ್ಲ ಎಂದರ್ಥ. ಅವರ ‘ಮಾರಿ’ ಎಂದರೆ ಬದಲಾಗುವುದು, ನಮ್ಮ ‘ಮಾರಿ’ ಎಂದರೆ ಮಾರಾಟ ಮಾಡುವುದು. ನಮ್ಮ ಕ್ಲಬ್ಬಿನ ಮಟ್ಟಿಗೆ ಎರಡೂ ಭಾಷೆ ಸರಿಯೇ. ಆದರೆ ಕೊನೆಯ ಪದವನ್ನು ಅರ್ಥಮಾಡಿಕೊಳ್ಳಲು ನನಗೆ ಯಾವ ನಿಘಂಟೂ ಬೇಕಾಗಲಿಲ್ಲ.

ಆದ್ದರಿಂದ ಈ ಕೆಲವು ಬಿನ್ನಹಗಳು. ತಾವು ಪಂದ್ಯಾವಳಿ ಮುಗಿಯುವ ಮಾರ್ಚ್‌ವರೆಗಾದರೂ ಇರಬೇಕು. ಗೆಲ್ಲಿಸಿ ಎಂದು ಕೇಳುವಷ್ಟು ದುರಾಸೆ ನನಗಿಲ್ಲ. ಪುನರ್ನಿರ್ಮಾಣಕ್ಕೆ ಸೋಲು ಅಗತ್ಯವೇ ಆಗಿದ್ದರೆ ಅದನ್ನು ಪರಸ್ಥಳದ ಪಂದ್ಯಗಳಲ್ಲಿ ಸೇರಿಸಿ ಮುಗಿಸಿಬಿಡಿ, ಕೊಚ್ಚಿಗೆ ಒಂದಿಷ್ಟು ಡ್ರಾ ಉಳಿಸಿರಿ. ಎಲ್ಲವನ್ನೂ ಕೆಡವುವಾಗ, ಪುರಸಭೆಯವರಿಗೆ ರಿಪೇರಿ ಎಂದು ತೋರಿಸಲು ಹಳೆಯ ಮನೆಯ ಒಂದು ಗೋಡೆ ಬಿಡುತ್ತಾರಲ್ಲ, ಹಾಗೆ ಆದರ್ಶನನ್ನು ಬಿಟ್ಟುಬಿಡಿ. ಅವನಿಲ್ಲದಿದ್ದರೆ ನಮಗೆ ಮಾತು ಶುರುಮಾಡಲು ಜಾಗವಿಲ್ಲ. ಹೋಗಲೇಬೇಕೆಂದಿದ್ದರೆ ಹೋಗಿರಿ, ಆದರೆ ಯಾರಿಗೂ ಹೇಳದೆ ಹೋಗಿರಿ. ತಮ್ಮಷ್ಟೇ ಎತ್ತರದ ಯಾರನ್ನಾದರೂ ಟೋಪಿ ಹಾಕಿ ಗೆರೆಯಂಚಿನಲ್ಲಿ ನಿಲ್ಲಿಸಿದರೆ ಆಟದಲ್ಲಿ ವ್ಯತ್ಯಾಸ ಕಾಣದು ಎಂದು ಭರವಸೆ ಕೊಡುತ್ತೇನೆ. ಅದೂ ಆಗದಿದ್ದರೆ ನಿರ್ಗಮನದ ಪ್ರಕಟಣೆಯನ್ನು ಕನ್ನಡದಲ್ಲಿ ಮಾತ್ರ ಹೊರಡಿಸಿರಿ. ಇಂಚರಾಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಈ ಬಹಿರಂಗ ಪತ್ರವನ್ನು ಕನ್ನಡದಲ್ಲಿ ಬರೆದು ಇಲ್ಲಿಯ ನಮ್ಮ ಕನ್ನಡ ಬಳಗದ ತ್ರೈಮಾಸಿಕಕ್ಕೆ ಕೊಡುತ್ತಿರುವುದೂ ಅದಕ್ಕೇ: ತಾವು ಓದಲಾರಿರಿ, ಅವಳು ಓದಲಾರಳು, ಯಾರ ಮನಸ್ಸಿಗೂ ನೋವಿಲ್ಲ.

ಮುಂದಿನ ಶನಿವಾರದ ಪಂದ್ಯಕ್ಕೆ ಅವಳು ರೈಲಿನ ಟಿಕೆಟ್ ತೆಗೆಯುವುದು ಗುರುವಾರ. ಅಷ್ಟರೊಳಗೆ, ಇರುತ್ತೇನೆ ಎಂಬ ಒಂದೇ ಪದವನ್ನು ತಮಗೆ ಬರುವ ಯಾವ ಭಾಷೆಯಲ್ಲಾದರೂ ಬರೆದು ತಿಳಿಸಬೇಕೆಂದು ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ,
ಕಾಶೀನಾಥ
ತ್ರಿಪ್ಪುಣಿತ್ತುರ

ಮರೆತ ಮಾತು: ಕರಡನ್ನು ತಿದ್ದಲು ದಾಕ್ಷಾಯಣಿಯ ಕೈಗೆ ಕೊಟ್ಟಿದ್ದು ನನ್ನದೇ ತಪ್ಪು. ಅವಳು ಇಂಚರಾಳಿಗೆ ಫೋನು ಹಚ್ಚಿ, ವಿನಾಯಕನ ಹೆಬ್ಬೆರಳಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಓದಿ ಹೇಳಿಬಿಟ್ಟಳು. ಆಮೇಲೆ ನನ್ನನ್ನು ಕರೆದು ಹುಡುಗಿ ಕೇಳಿದ್ದು ಇಷ್ಟೇ: “ಅಜ್ಜಾ, ಞಾನ್ ಕಳಿ ಕಾಣಾನಾಣೋ ವರುನ್ನದ್?” ತಾನೇನು ಆಟ ನೋಡಲು ಬರುತ್ತಿದ್ದೇನೆಯೇ ಎಂದು. ಶನಿವಾರದ ಟಿಕೆಟ್ ಅವಳು ಆಗಲೇ ತೆಗೆದಾಗಿತ್ತು. ನಮ್ಮ ಕಡೆಯಿಂದ ಆಟ ನೋಡಲು ಯಾರೂ ಬರುತ್ತಿಲ್ಲವೆಂಬುದು ನನಗೆ ತಿಳಿದದ್ದು ನಿನ್ನೆ. ತಮ್ಮ ಹುಡುಗರಿಗೆ ಇದು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಇಷ್ಟು ವರ್ಷ ಆಡದೆ ಯಾಕೆ ಇರುತ್ತಿದ್ದರು? ಹೀಗಾಗಿ ಮೇಲಿನ ಬಿನ್ನಹಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ, ಆದರ್ಶನದೊಂದನ್ನು ಬಿಟ್ಟು. ಅವನ ಮೊಣಕಾಲಿನ ಸಮಾಚಾರ ತಿಳಿಸಿ ಬೇಗ ಒಂದು ಕಾಗದ ಬರೆಯಿರಿ. ತಾವಿರುವಾಗಲೇ ಬರೆದರೆ ಇನ್ನೂ ಸಂತೋಷ.